ಜೈತುನ್ಬೀ ಮನೆಯ ಹೋಮ್ ಸಿಗ್ನಲ್

ವಾಡಿಯಲ್ಲಿ ಹುಟ್ಟಿದ ಕೂಸು "ಅಮ್ಮ" ಅನ್ನುವುದಕ್ಕಿಂತ ಮೊದಲು ರೈಲಿನಂತೆ "ಕೂ" ಅನ್ನುತ್ತದೆ ಎಂದು ಶಹಾಬಾದಿನವರು ನಗಾಡುವುದುಂಟು. ಶಹಾಬಾದಿನವರಿಗೆ ಕಲ್ಲು ಬಿಟ್ಟರೆ ಬೇರೆ ಏನೂ ಗೊತ್ತಿಲ್ಲ, ಅವರ ಮಾತಿಗೆ ಅಷ್ಟು ಬೆಲೆ ಕೊಡಬೇಕಾಗಿಲ್ಲ. ಆದರೆ ಅದೇ ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದ, ಅದೂ ಡ್ರೈವರ್ ಮಜೀದಸಾಬನ ಹೆಂಡತಿ ಅನ್ನಿಸಿಕೊಂಡ ಜೈತುನ್ಬೀ ಒಂದು ಸಲವೂ ಗಂಡ ಓಡಿಸುವ ಗಾಡಿಯಲ್ಲಿ ಕೂತಿರಲಿಲ್ಲ ಅಂದರೆ ವಾಡಿಯವರೇ ನಂಬುತ್ತಿರಲಿಲ್ಲ. ಜೈತುನ್ಬೀಗೆ ಜೀವನದಲ್ಲಿ ಬೇರೆ ಆಸೆಗಳಿರಲಿಲ್ಲ ಅಂತಲ್ಲ. ಇದ್ದವು, ಈಡೇರಿದವು, ಕೆಲವು ಮರೆತೂ ಹೋದವು. ಇದೊಂದು ಮಾತ್ರ ಹಾಗೇ ಉಳಿದಿತ್ತು.

ಗುಲ್ಬರ್ಗಾ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ಅವಳೂ ಕಾಳಗಿ ಬಿಟ್ಟು ವಾಡಿಗೆ ಸೇರಿದವಳು. ಕಾಳಗಿಗೆ ರೈಲಿಲ್ಲ, ಮದುಮಗಳು ಬಂದದ್ದು ಬಸ್ಸಿನಲ್ಲಿ. ಈ ಮನುಷ್ಯ ಇಂಜಿನ್ನನ್ನೇ ನಿಕಾಹ್ ಮಾಡಿಕೊಂಡಿದ್ದಾನೆ ಎಂದು ನೆಂಟರೆಲ್ಲ ಕೈಬಿಟ್ಟ ಮೇಲೆ ಮಜೀದಸಾಬ ಮದುವೆಗೆ ಒಪ್ಪಿದ್ದ. "ನಡಿ, ಒಂದಿನ ನನ್ನ ಗಾಡ್ಯಾಗ ನಿನ್ನ ಕುಂದ್ರಿಸಿ ಸೇಡಂ ತನಕ ಕರಕೊಂಡು ಹೋಗ್ತೀನಿ" ಎಂದು ಮದುವೆಯ ವಾರದಲ್ಲೇ ಮಾತು ಕೊಟ್ಟ. ಕೊಟ್ಟವನಿಗೆ ಸಿಕ್ಕಿದ್ದು ಗೂಡ್ಸ್ ಗಾಡಿ. ಅವನ ಗಾಡಿಗೆ ಫರಸಿಕಲ್ಲು ಹತ್ತಿತು, ಸಿಮೆಂಟು ಹತ್ತಿತು, ಕಲ್ಲಿದ್ದಲು ಹತ್ತಿತು, ಹೆಂಡತಿ ಮಾತ್ರ ಹತ್ತಲಿಲ್ಲ.

ಕೊನೆಗೊಮ್ಮೆ ಅವನಿಗೆ ಸೇಡಂ ಕಡೆಯ ಪ್ಯಾಸೆಂಜರ್ ಗಾಡಿಯ ಕೆಲಸ ಬಂತು. ಜೈತುನ್ಬೀ ಡಬ್ಬಿಯಲ್ಲಿ ಊಟ ಕಟ್ಟಿಕೊಂಡು, ಕಿಟಕಿಯ ಜಾಗ ಹಿಡಿದು ಕೂತು, ಎದುರಿಗೆ ಕೂತವರಿಗೆಲ್ಲ "ನಮ್ಮವರೇ ಓಡಿಸಾಕತ್ತಾರ" ಎಂದು ಹೇಳಿಕೊಂಡಳು. ಒಬ್ಬಳು ತಾಯಿ, ಹೆಚ್ಚು ಅಲುಗಾಡಿಸಬೇಡ ಅಂತ ನಿಮ್ಮ ಯಜಮಾನರಿಗೆ ಹೇಳವ್ವ ಎಂದು ಬಿನ್ನಹ ಕೂಡ ಮಾಡಿದಳು. ಚಿತ್ತಾಪುರದಲ್ಲಿ ಗಾಡಿ ನಿಂತಾಗ ಇಳಿದು, ಡಬ್ಬಿ ಹಿಡಿದು ಇಂಜಿನ್ ತನಕ ನಡೆದುಹೋದಳು. ಮೇಲಿನಿಂದ ಇಣುಕಿದ್ದು ಇಷ್ಟು ದಪ್ಪ ಮೀಸೆಯ ಯಾರೋ ಪರವೂರ ಡ್ರೈವರು. ಗಾಡಿ ಬಿಡುವ ಗಳಿಗೆಯಲ್ಲಿ ಮಜೀದಸಾಬನನ್ನು ಇಳಿಸಿ ಗೂಡ್ಸ್ ಗಾಡಿಗೆ ಹಾಕಿದ್ದರು, ಹೇಳಲು ಯಾರಿಗೂ ಪುರಸೊತ್ತಾಗಿರಲಿಲ್ಲ. ಡಬ್ಬಿಯನ್ನು ಮೀಸೆಯವನ ಕೈಗೇ ಕೊಟ್ಟು, ಮುಖ ಮುಚ್ಚಿಕೊಂಡು, ಅವಳು ಬಸ್ಸಿನಲ್ಲಿ ನೆಟ್ಟಗೆ ತವರಿಗೆ ಹೋದಳು. ಅಣ್ಣ ಲಾಲ್ ಅಹ್ಮದ್ ಸಮಾಧಾನ ಹೇಳಿ ವಾಪಸ್ಸು ಕಳಿಸಲು ಒಂದು ವಾರ ಹಿಡಿಯಿತು.

ಗಾಡಿಯಲ್ಲಿ ಕೂರಿಸದ ಗಂಡ ಸೀಟಿಯಲ್ಲಿ ಮಾತ್ರ ಕಮ್ಮಿ ಮಾಡಲಿಲ್ಲ. ಎರಡು ಮೊಟಕು, ಒಂದು ಉದ್ದ, ಉದ್ದದ ತುದಿಗೆ ಸಣ್ಣದೊಂದು ಕೊಂಕು. ಕ್ವಾರ್ಟರ್ಸಿನ ಹಿಂದೆಯೇ ಹಾದುಬರುವ ಹಳಿಯ ಮೇಲೆ ಅವನ ಗಾಡಿ ಊರು ಸೇರುವಾಗ ಆ ಸೀಟಿ ಕೇಳುತ್ತಿತ್ತು. ಕೇಳಿದ ಕೂಡಲೇ ಜೈತುನ್ಬೀ ಒಲೆ ಹೊತ್ತಿಸಿ ರೊಟ್ಟಿ ಹಂಚು ಇಡಬೇಕು. ಆತ ಇಂಜಿನ್ನನ್ನು ಶೆಡ್ಡಿಗೆ ಬಿಟ್ಟು, ಕೈಕಾಲು ಮುಖದ ಮಸಿ ತೊಳೆದು ಬರುವಷ್ಟರಲ್ಲಿ ಬಿಸಿ ರೊಟ್ಟಿ ತಟ್ಟೆಯಲ್ಲಿ ಇರುತ್ತಿತ್ತು. ಊರಿನವರು ಅದನ್ನು ಜೈತುನ್ಬೀ ಸೀಟಿ ಎಂದೇ ಕರೆಯುತ್ತಿದ್ದರು.

ಹಂಚಿಟ್ಟ ಗುರುತು ಮಜೀದಸಾಬನಿಗೆ ಇಂಜಿನ್ನಿನಿಂದಲೇ ಕಾಣುತ್ತಿತ್ತು. ತೊಗರಿ ಕಟ್ಟಿಗೆಯ ಹೊಗೆ ಮಾಳಿಗೆಯ ಮೇಲೆ ಏಳುತ್ತಲೂ ಆತ ಫೈರ್‌ಮನ್ನಿಗೆ "ಹೋಮ್ ಸಿಗ್ನಲ್ ಬಿತ್ತು" ಅನ್ನುತ್ತಿದ್ದ. ಸ್ಟೇಷನ್ನಿನ ಬಾಗಿಲಲ್ಲಿ ನಿಂತು, ಬಾ ಒಳಗೆ ಎಂದು ಕೈ ಇಳಿಸುವ ಕಂಬಕ್ಕೆ ರೈಲಿನವರು ಹೋಮ್ ಸಿಗ್ನಲ್ ಅನ್ನುತ್ತಾರೆ. ಕೈ ಇಳಿದರೆ ಸಿಗ್ನಲ್ ಬಿತ್ತು ಅಂತ ಲೆಕ್ಕ. ಅದು ಬೀಳದೆ ಗಾಡಿ ಒಂದು ಹೆಜ್ಜೆ ಮುಂದೆ ಬರುವ ಹಾಗಿಲ್ಲ. ಈ ಚಾಷ್ಟಿಯ ನಗೆಮಾತು ಫೈರ್‌ಮನ್ನರಿಂದ ಗಾರ್ಡುಗಳಿಗೆ, ಗಾರ್ಡುಗಳಿಂದ ಅವರ ಹೆಂಡಂದಿರಿಗೆ ಹಬ್ಬಿತ್ತು.

ಜೈತುನ್ಬೀಗೆ ಇದು ಚಾಷ್ಟಿ ಅನ್ನಿಸುತ್ತಿರಲಿಲ್ಲ. "ಮಂದಿ ಗಂಡಂದಿರು ಹೆಸರು ಹಿಡದು ಕರೀತಾರ, ಇಲ್ಲಾಂದ್ರ ಕೆಮ್ಮಿ ಕರೀತಾರ. ನಮ್ಮವರು ಊರ ಹೊರಗಿಂದ ಇಂಜಿನ್ ಕೂಗಿಸಿ ರೊಟ್ಟಿ ಕೇಳ್ತಾರ" ಎಂದು ಪಕ್ಕದ ಮನೆಯ ಸುಮಿತ್ರಾಬಾಯಿಯ ಮುಂದೆ ಹೇಳಿಕೊಂಡು ನಗುತ್ತಿದ್ದಳು. ನಕ್ಕರೂ ಒಳಗೊಂದು ಚುಚ್ಚುತ್ತಿತ್ತು. ಈ ಮನುಷ್ಯನಿಗೆ ತಾನೊಂದು ಹಂಚು, ಅಷ್ಟೇ, ಅದಕ್ಕಿಂತ ಹೆಚ್ಚಿನದೇನೂ ಅಲ್ಲ ಅನ್ನುವುದು ಅವಳ ಕೊರಗು. ಗಾಡಿಯಲ್ಲಿ ಕೂರುವ ಆಸೆ ಅಷ್ಟು ಗಟ್ಟಿಯಾಗಿ ಉಳಿದದ್ದು ಕೂಡ ಅದಕ್ಕೇ. ಹಂಚನ್ನು ಯಾರಾದರೂ ರೈಲಿನಲ್ಲಿ ಕೂರಿಸುತ್ತಾರೆಯೇ?

ಹಾಗೇ ಮಜೀದಸಾಬ ರಿಟೈರಾದ. ಮಗ ಸಿರಾಜುದ್ದೀನನಿಗೆ ರೈಲ್ವೆಯಲ್ಲೇ ಕೆಲಸವಾಗಿ, ಅದೇ ಮನೆ ಮಗನ ಹೆಸರಿಗೆ ಬಂದು, ಮುದುಕರಿಬ್ಬರೂ ಅಲ್ಲೇ ಉಳಿದರು. ಸೀಟಿ ನಿಂತಿತು. ಡೀಸೆಲ್ ಇಂಜಿನ್ನುಗಳು ಎಮ್ಮೆಯ ಹಾಗೆ ಕೂಗುತ್ತ ಓಡಾಡತೊಡಗಿದವು. ರೊಟ್ಟಿ ಬಡಿಯುವ ಕೆಲಸ ಚಿಂಚೋಳಿ ಕಡೆಯ ಐನಾಪುರದಿಂದ ಬಂದ ಸೊಸೆ ಹಮೀದಾಬೇಗಂ ಪಾಲಿಗೆ ಹೋಯಿತು. ಮಜೀದಸಾಬ ಹೊತ್ತೊತ್ತಿಗೆ ಎಲ್ಲರ ಜೊತೆ ಕೂತು ಉಣ್ಣುತ್ತಿದ್ದ, ರುಚಿ ಬಗ್ಗೆ ಚಕಾರ ಎತ್ತುತ್ತಿರಲಿಲ್ಲ.

ಎಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಒಬ್ಬ ದೊಡ್ಡ ಸಾಹೇಬನಿಗೆ ಹಳೆಯ ಸಾಮಾನಿನ ಹುಚ್ಚು ಹಿಡಿಯಿತು. ಬೀಗ ಬಿದ್ದಿದ್ದ ಲೋಕೋ ಶೆಡ್ಡನ್ನು ಗುಡಿಸಿ ಸುಣ್ಣ ಬಳಿಸಿದ. ಹಿತ್ತಾಳೆ ಗಂಟೆ, ಕೈದೀಪ, ಗಾರ್ಡಿನ ಪೆಟ್ಟಿಗೆ, ಹಳೆಯ ರಟ್ಟಿನ ಟಿಕೇಟು ಎಲ್ಲ ತಂದು ಸಾಲಾಗಿ ಇಡಿಸಿ, ಹೊರಗೆ ರೈಲ್ವೆ ವಸ್ತುಸಂಗ್ರಹಾಲಯ ಎಂದು ಹಲಗೆ ತೂಗುಹಾಕಿಸಿದ. ಅಷ್ಟುದ್ದ ಹೆಸರು ಕರೆಯಲು ವಾಡಿಯವರಿಗೆ ಬೇಸರ, ಅಜಬ್‌ಘರ್ ಅಂದರು. ರೈಲ್ವೆ ಸಪ್ತಾಹದ ಐತವಾರ ಅಲ್ಲಿ ಕುಟುಂಬ ಮೇಳ ಎಂದು ಡಂಗುರವಾಯಿತು. ಮಕ್ಕಳಿಗೆ ಗೋಣಿಚೀಲದ ಓಟ, ಹೆಂಗಸರಿಗೆ ಸಂಗೀತ ಕುರ್ಚಿ, ಎಲ್ಲಕ್ಕಿಂತ ಮೇಲೆ ಕಟ್ಟಿಗೆಯ ಎರಡು ಹಳೆಯ ರೈಲು ಡಬ್ಬಿಗಳಲ್ಲಿ ಕಲ್ಲುಗಣಿಯ ತನಕ ಹೋಗಿ ಬರುವ ಒಂದು ಸವಾರಿ. ಎಳೆಯುವುದು ಮಜೀದಸಾಬ ಓಡಿಸುತ್ತಿದ್ದ ಅದೇ ಕರೀ ಇಂಜಿನ್. ಆ ಒಂದು ಸವಾರಿ ಮುಗಿದ ಮೇಲೆ ಅದರ ಬೆಂಕಿ ಆರಿಸಿ, ಬಣ್ಣ ಹಚ್ಚಿ, ಅಜಬ್‌ಘರಿನ ಮುಂದೆ ಕಟ್ಟೆಯ ಮೇಲೆ ನಿಲ್ಲಿಸಿಬಿಡುವುದು ಎಂದು ತೀರ್ಮಾನವಾಗಿತ್ತು. ಓಡಿಸಲು ಮಜೀದಸಾಬನನ್ನೇ ಕರೆದರು. ಹಾಲಿ ಡ್ರೈವರ್ ಬಂದೇನವಾಜ್ ಪಕ್ಕದಲ್ಲಿ ನಿಂತಿರಬೇಕು, ಅಷ್ಟೇ ಷರತ್ತು.

ಮಜೀದಸಾಬ ಮನೆಗೆ ಬಂದವನೇ ಬಾಗಿಲಲ್ಲೇ ನಿಂತು ಹೇಳಿದ. "ಸಿರಾಜನ ಅಮ್ಮಾ, ಐತವಾರ ನೀ ನನ್ನ ಗಾಡ್ಯಾಗ ಕುಂದ್ರಾಕಿ."

ಜೈತುನ್ಬೀ ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಚಿತ್ತಾಪುರದಾಗ ಆ ಮೀಸಿಯಾಂವಗ ಹೇಳ್ರಿ."

"ಈ ಸಲ ಹಂಗಾಗಂಗಿಲ್ಲ."

"ನಾ ಅಲ್ಲಿ ಹೋಗಿ, ಕುಂತು, ನಮ್ಮವರು ಓಡಸ್ತಾರಂತ ಮಂದಿ ಮುಂದ ಹೇಳಿ, ಆಮ್ಯಾಲೆ ಇಳದು ಬರಾಕಿ ಅಲ್ಲ. ನೀವು ಇಂಜಿನ್ ಏರೀರಿ ಅಂತ ಖಾತ್ರಿ ಆಗೂ ತನಕ ನಾ ಮನಿ ಬಿಟ್ಟು ಬರಂಗಿಲ್ಲ."

ಮಜೀದಸಾಬ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. "ಆತು. ಇಂಜಿನ್ ಏರಿದ ಕೂಡಲೆ ನಾ ಸೀಟಿ ಹೊಡೀತೀನಿ. ನನ್ನ ಸೀಟಿ ನಿನಗ ಗೊತ್ತದಲ್ಲ? ಕೇಳಿದ್ದ ಎದ್ದು ಬಾ. ಶೆಡ್ ಏನು ದೂರ ಅದ? ಅಲ್ಲಿತನ ಗಾಡಿ ನಿಂದ್ರಿಸ್ತೀನಿ."

ಇದಕ್ಕಿಂತ ಗಟ್ಟಿ ಬಂದೋಬಸ್ತು ಇನ್ನೇನಿದೆ? ಆ ಸೀಟಿಯನ್ನು ಬೇರೆ ಯಾರೂ ಹೊಡೆಯಲಾರರು, ಅದು ಕೇಳಿತು ಅಂದರೆ ಇಂಜಿನ್ ಮೇಲೆ ಇರುವುದು ಮಜೀದಸಾಬನೇ. ಜೈತುನ್ಬೀಗೂ ಮೆಚ್ಚುಗೆಯಾಯಿತು. ತೋರಿಸಿಕೊಳ್ಳಲಿಲ್ಲ. ಅವತ್ತೇ ಮಧ್ಯಾಹ್ನ ಪೆಟ್ಟಿಗೆಯ ತಳದಿಂದ ಹಸಿರು ರೇಷ್ಮೆ ಸೀರೆ ತೆಗೆದು ಬಿಸಿಲಿಗೆ ಹಾಕಿದಳು.

ಐತವಾರ ಬೆಳಿಗ್ಗೆಯಿಂದಲೇ ಊರಿನಲ್ಲಿ ಗದ್ದಲ. ಸೇಡಂನಿಂದ, ಚಿತ್ತಾಪುರದಿಂದ, ನಾಲವಾರದಿಂದ ಮಂದಿ ಮಕ್ಕಳು ಮರಿ ಕಟ್ಟಿಕೊಂಡು ಇಳಿದರು. ರೈಲಿನಲ್ಲಿ ಬಂದು ರೈಲು ನೋಡಲು ಹೋಗುವ ಈ ಮಂದಿಗೆ ಏನನ್ನಬೇಕೋ. ಹಮೀದಾಬೇಗಂ ಮಕ್ಕಳನ್ನು ಕರೆದುಕೊಂಡು, ಅತ್ತೆಗೆ ಕಿಟಕಿಯ ಜಾಗ ಹಿಡಿಯುತ್ತೇನೆಂದು ಮುಂಚೆಯೇ ಹೋದಳು. ಸಿರಾಜುದ್ದೀನ ಡ್ಯೂಟಿಗೆ ಹೋಗಿದ್ದ. ಜೈತುನ್ಬೀ ಹಸಿರು ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ಕೈಗೆ ಅತ್ತರು ಸವರಿಕೊಂಡು, ಹಿತ್ತಲ ಕಟ್ಟೆಯ ಮೇಲೆ ಕೂತಳು.

ಗೋಡೆಯ ಆಚೆ ಸುಮಿತ್ರಾಬಾಯಿ ತುಳಸಿಗೆ ನೀರು ಹಾಕುತ್ತಿದ್ದಳು. ಗಾರ್ಡ್ ರಾಘವೇಂದ್ರರಾವನ ಹೆಂಡತಿ, ಗಂಡನ ಪಾಸಿನಲ್ಲಿ ಪಂಢರಪುರ, ಮಂತ್ರಾಲಯ, ತಿರುಪತಿ ಎಲ್ಲ ಸುತ್ತಿ ರೈಲೆಂದರೆ ಆಕಳಿಸುವಷ್ಟು ಸಲಿಗೆ ಬೆಳೆಸಿಕೊಂಡವಳು. ಮೇಲಾಗಿ ಅವತ್ತು ಏಕಾದಶಿ, ಉಪವಾಸ. ಜೈತುನ್ಬೀ ಮನೆಯವರೊಂದಿಗೆ ಜೀವಕ್ಕೆ ಜೀವ ಕೊಡುವ ಬಳಕೆ ಇದ್ದರೂ ಆಕೆಯದು ಮಡಿ ಜಾಸ್ತಿ. ಇಷ್ಟು ವರ್ಷದಲ್ಲಿ ಈ ಹಿತ್ತಲ ಕಟ್ಟೆ ದಾಟಿ ಅಡುಗೆಮನೆಗೆ ಕಾಲಿಟ್ಟಿರಲಿಲ್ಲ, ಜೈತುನ್ಬೀಯೂ ಒತ್ತಾಯ ಮಾಡಿರಲಿಲ್ಲ.

"ಏನ ಜೈತುನಬಿ, ಮದುಮಗಳಂಗ ಕುಂತೀಯಲ್ಲ" ಅಂದಳು ಸುಮಿತ್ರಾಬಾಯಿ.

"ಬಾಯಾರ, ಬರೀ ಸೀಟಿ ಕೇಳಬೇಕು, ಎದ್ದೆ ಅಂತ ತಿಳೀರಿ. ಚಪ್ಪಲಿ ಸುದ್ದಾ ಬಾಗಲದಾಗ ಇಟ್ಟೀನಿ."

ಸುಮಿತ್ರಾಬಾಯಿ ಪೂಜೆಗೆ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಶೆಡ್ಡಿನ ಕಡೆಯಿಂದ ಬಂತು. ಎರಡು ಮೊಟಕು, ಒಂದು ಉದ್ದ, ತುದಿಗೆ ಸಣ್ಣ ಕೊಂಕು. ಆತ ರಿಟೈರಾದ ಮೇಲೆ ಇದೇ ಮೊದಲು. ಜೈತುನ್ಬೀ ಎದ್ದಳು.

ಎದ್ದವಳು ಒಳಗೆ ನಡೆದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಲೆಯ ಬೂದಿ ಕೆದರಿ, ತೊಗರಿ ಕಟ್ಟಿಗೆ ಇಟ್ಟು ಕಡ್ಡಿ ಗೀರಿದಳು. ಹಂಚು ಇಟ್ಟಳು. ಪರಾತದಲ್ಲಿ ಜೋಳದ ಹಿಟ್ಟು ಸುರಿದು ಬಿಸಿನೀರು ಬೆರೆಸಿ ನಾದಿ, ತಟಪಟ ತಟಪಟ ಬಡಿಯತೊಡಗಿದಳು. ಮೊದಲ ರೊಟ್ಟಿ ಉಬ್ಬಿ ಬುಟ್ಟಿಗೆ ಬಿತ್ತು. ಎರಡನೆಯದು ಹಂಚಿನ ಮೇಲೆ. ಮನಸ್ಸಿನಲ್ಲಿ ಏನು ಓಡುತ್ತಿತ್ತು ಎಂದು ಕೇಳಿದರೆ, ಪುಂಡಿಪಲ್ಯ ನಿನ್ನೆಯದು ಉಳಿದಿದೆಯೋ ಇಲ್ಲವೋ ಎಂಬುದು. ರೇಷ್ಮೆ ಸೀರೆಯ ನೆನಪಾಗಲಿ ಮೇಳದ ನೆನಪಾಗಲಿ ಸುಳಿಯಲಿಲ್ಲ.

"ಜೈತುನಬಿ" ಎಂದು ಗೋಡೆಯ ಆಚೆಯಿಂದ ಸುಮಿತ್ರಾಬಾಯಿಯ ದನಿ ಬಂತು. ಪೂಜೆ ಅರ್ಧಕ್ಕೆ ಬಿಟ್ಟು ಬಂದಿರಬೇಕು. "ನಿಮ್ಮ ಮನ್ಯಾಗ ಯಾರು ರೊಟ್ಟಿ ಬಡೀಲಿಕತ್ತಾರ?"

"ನಾನೇ ಬಾಯಾರ, ಸೀಟಿ ಆತಲ್ಲ" ಎಂದು ಜೈತುನ್ಬೀ ಒಳಗಿಂದಲೇ ಹೇಳಿದಳು. ಹೇಳಿದ ಮಾತು ತನ್ನ ಕಿವಿಗೆ ತಾನೇ ಬಿದ್ದಾಗ ಕೈಯಲ್ಲಿದ್ದ ರೊಟ್ಟಿ ಪರಾತದೊಳಗೆ ಜಾರಿತು.

ಹಿತ್ತಲ ಬಾಗಿಲಿಗೆ ಓಡಿ ಬಂದಳು. ಕೈ ತುಂಬ ಹಿಟ್ಟು. ಶೆಡ್ಡಿನ ಕಡೆಯಿಂದ ಕರೀ ಹೊಗೆ ಕಾರುತ್ತ ಗಾಡಿ ಆಗಲೇ ಹೊರಟು ಬರುತ್ತಿತ್ತು.

"ನಿನಗ ಏನಾಗಿತ್ತು ಮಾರಾಯ್ತಿ?" ಸುಮಿತ್ರಾಬಾಯಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ.

"ಕೈ ಕೇಳಲಿಲ್ಲ ಬಾಯಾರ" ಅಂದಳು ಜೈತುನ್ಬೀ. ಚಿತ್ತಾಪುರದಲ್ಲಿಯಾದರೆ ಸಿಟ್ಟು ಮಾಡಲು ಗಂಡನಿದ್ದ, ರೈಲ್ವೆಯಿತ್ತು, ಆ ಮೀಸೆ ಇತ್ತು. ಇವತ್ತು ಯಾರ ಮೇಲೆ ಸಿಟ್ಟಾಗುವುದು? ಮಾತು ಕೊಟ್ಟವನು ಮಾತು ನಡೆಸಿದ್ದ. ಕರೆದಿದ್ದ. ಹಂಚಿಗೆ ಹಂಚಿನ ಬುದ್ಧಿಯೇ ಬಂತು ಎಂದು ತನ್ನನ್ನೇ ಬೈದುಕೊಂಡಳು.

ಅತ್ತ ಮಜೀದಸಾಬ ಮೋಸ ಹೋದದ್ದಕ್ಕೂ ಕಾರಣವಿತ್ತು. ಸೀಟಿ ಹೊಡೆದು ಕತ್ತು ಉದ್ದ ಮಾಡಿ ನೋಡುತ್ತಿದ್ದವನಿಗೆ ಹಸಿರು ರೇಷ್ಮೆ ಸೆರಗೊಂದು ಅವಸರದಿಂದ ಹಿಂದಿನ ಡಬ್ಬಿ ಹತ್ತಿದ್ದು ಕಂಡಿತ್ತು. ಅದು ಸೇಡಂನಿಂದ ಬಂದಿದ್ದ ಮಾಶಾಬಿ ಎಂಬ ಹೆಣ್ಣುಮಗಳ ಸೆರಗು. ಯಾರದೋ ಸೆರಗು ನೋಡಿ ಜನ್ಮ ಸಾರ್ಥಕವಾದಂತೆ ಹಿಗ್ಗಿದ ಮಜೀದಸಾಬ, ಹಿಂದಿನಿಂದ ಗಾರ್ಡ್ ರಾಘವೇಂದ್ರರಾವ ಹಸಿರು ಬಾವುಟ ಬೀಸಿದ ಕೂಡಲೇ ಗಾಡಿ ಬಿಟ್ಟಿದ್ದ.

ಇಂಜಿನ್ ಕ್ವಾರ್ಟರ್ಸಿನ ಸಾಲಿಗೆ ಬಂತು. ಹಿಟ್ಟಿನ ಕೈ ಹಿಂದೆ ಮಾಡಿಕೊಂಡು ಬಾಗಿಲ ಮರೆಗೆ ಸರಿಯಬೇಕೆಂದಿದ್ದ ಜೈತುನ್ಬೀ ಇಂಜಿನ್ ನೋಡುತ್ತ ಅಲ್ಲೇ ನಿಂತಳು. ಮೇಲೆ ಮಜೀದಸಾಬ ನಿಂತಿದ್ದ, ತಲೆಗೆ ಹಳೆಯ ರುಮಾಲು, ಮುಖದ ತುಂಬ ನಗು. ಆತ ಅವಳನ್ನು ನೋಡಲಿಲ್ಲ. ಮಾಳಿಗೆಯ ಕಡೆ ನೋಡಿದ. ಹೊಗೆ ಕಂಡಿತು. ಸಮಾಧಾನದಿಂದ ತಲೆಯಾಡಿಸಿದ. ಆಮೇಲೆ ನಗು ನಿಂತಿತು. ಹೊಗೆಯಿದೆ ಅಂದಮೇಲೆ ಒಲೆಯ ಮುಂದೆ ಯಾರಿದ್ದಾರೆ ಎಂದು ಆಗ ಹೊಳೆದಿರಬೇಕು. ಬ್ರೇಕು ಕಿರ್ರೆಂದಿತು. ಡಬ್ಬಿಗಳು ಒಂದಕ್ಕೊಂದು ಗುದ್ದಿಕೊಂಡು, ಒಳಗಿದ್ದ ಮೂರೂರಿನ ಮಂದಿ ಒಬ್ಬರ ತೊಡೆಯ ಮೇಲೊಬ್ಬರು ಕೂತರು.

ಹಿಂದಿನ ಡಬ್ಬಿಯಿಂದ ರಾಘವೇಂದ್ರರಾವ ಬಾವುಟ ಕಂಕುಳಲ್ಲಿಟ್ಟುಕೊಂಡು ದುಮುದುಮು ಬಂದ. ನಿಲ್ಲಬಾರದ ಜಾಗದಲ್ಲಿ ಗಾಡಿ ನಿಲ್ಲುವುದನ್ನು ನೌಕರಿ ಉದ್ದಕ್ಕೂ ಸಹಿಸದ ಮನುಷ್ಯ. "ಮಜೀದಸಾಬ್, ಗಾಡಿ ಯಾಕ ನಿಂತದ?"

"ಹೋಮ್ ಸಿಗ್ನಲ್ ನೋಡ್ರಿ ರಾಯರ."

ರಾಘವೇಂದ್ರರಾವ ಮಾಳಿಗೆ ನೋಡಿದ, ಹೊಗೆ ನೋಡಿದ, ಹೊಗೆಯ ಕೆಳಗೆ ಹಿಟ್ಟಿನ ಕೈಯ ಜೈತುನ್ಬೀಯನ್ನು ನೋಡಿದ, ಗೋಡೆಯ ಮೇಲಿಂದ ಇಣುಕುತ್ತಿದ್ದ ತನ್ನ ಹೆಂಡತಿಯನ್ನೂ ನೋಡಿದ. ಅಷ್ಟರಲ್ಲಿ ಮುಂದಿನ ಡಬ್ಬಿಯ ಕಿಟಕಿಯಿಂದ ದೊಡ್ಡ ಸಾಹೇಬ ತಲೆ ಹೊರಗೆ ಹಾಕಿ ಏನಾಯಿತು ಎಂದು ಕೇಳಿದ.

"ಸಿಗ್ನಲ್ ತಕರಾರು ಅದ ಸಾಹೇಬ್ರ. ಸರಿ ಮಾಡಾಕತ್ತೀವಿ" ಅಂದ ರಾಘವೇಂದ್ರರಾವ, ಮುಖದ ಒಂದು ಗೆರೆಯೂ ಅಲುಗದಂತೆ. ಕಲ್ಲುಗಣಿಯ ಆ ಹಳಿಯ ಮೇಲೆ ಸಿಗ್ನಲ್ ಕಂಬವೇ ಇಲ್ಲ ಅನ್ನುವುದು ಸಾಹೇಬನಿಗೆ ಹೊಳೆಯಲಿಲ್ಲವೋ, ಹೊಳೆದೂ ಸುಮ್ಮನಾದನೋ, ತಲೆ ಒಳಗೆ ಹೋಯಿತು.

"ಬಾ, ಹತ್ತು" ಅಂದ ಮಜೀದಸಾಬ.

"ಹಂಚಿನ ಮ್ಯಾಲೆ ರೊಟ್ಟಿ ಅದ" ಅಂದಳು ಜೈತುನ್ಬೀ. ಅವಳಿಗೆ ಬೇರೆ ಏನೂ ತೋಚಲಿಲ್ಲ. ಒಲೆ ಉರಿಯಲು ಬಿಟ್ಟು ಅವಳು ಹುಟ್ಟಿದಾಗಿನಿಂದ ಎಲ್ಲಿಗೂ ಹೋದವಳಲ್ಲ.

ಆಗ ಗೋಡೆಯ ಪಕ್ಕದ ಸಣ್ಣ ಬಾಗಿಲು ದೂಡಿಕೊಂಡು ಸುಮಿತ್ರಾಬಾಯಿ ಬಂದಳು. ಕಟ್ಟೆ ದಾಟಿದಳು. "ನಾ ನೋಡ್ಕೋತೀನಿ, ನೀ ಹೋಗು."

"ಬಾಯಾರ, ನಿಮ್ಮ ಮಡಿ? ಏಕಾದಶಿ ಬ್ಯಾರೆ."

"ಏಕಾದಶಿ ನಮ್ಮ ಒಲಿಗದ, ನಿಮ್ಮ ಒಲಿಗಿಲ್ಲಲ್ಲ. ಮಡಿ ಅಂದ್ರ ಇನ್ನೊಮ್ಮೆ ಸ್ನಾನ ಮಾಡಿದ್ರ ಬರ್ತದ, ಗಾಡಿ ಬರಂಗಿಲ್ಲ. ಹತ್ತ ಮೊದಲ."

ಡಬ್ಬಿಗಳ ಮೆಟ್ಟಿಲು ಜಲ್ಲಿಕಲ್ಲಿನಿಂದ ಎದೆಮಟ್ಟ ಎತ್ತರ, ಪ್ಲಾಟ್‌ಫಾರಂ ಇಲ್ಲದೆ ಹತ್ತುವ ಮಾತೇ ಇಲ್ಲ. ಇಂಜಿನ್ನಿಗಾದರೆ ಹಿಡಿಯಲು ಸರಳು, ಇಡಲು ಮೆಟ್ಟಿಲು ಎರಡೂ ಉಂಟು. ಇಂಜಿನ್ ಮೇಲೆ ಹೊರಗಿನವರನ್ನು ಹತ್ತಿಸುವ ಹಾಗಿಲ್ಲ ಎಂಬ ಕಾಯ್ದೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದ ರಾಘವೇಂದ್ರರಾವ ಬೆನ್ನು ತಿರುಗಿಸಿ ನಾಲವಾರದ ದಿಕ್ಕಿಗೆ ಆಕಾಶ ನೋಡುತ್ತ ನಿಂತ. ಮೇಲಿಂದ ಮಜೀದಸಾಬ ಒಂದು ಕೈ ಹಿಡಿದ, ಬಂದೇನವಾಜ್ ಇನ್ನೊಂದು ಕೈ ಹಿಡಿದ. ಜೈತುನ್ಬೀ ಇಂಜಿನ್ ಹತ್ತಿದಳು. ಇಬ್ಬರ ತೋಳಿಗೂ ಜೋಳದ ಹಿಟ್ಟು ಮೆತ್ತಿತು.

ಡಬ್ಬಿಯೊಳಗಿನ ಕಿಟಕಿಯ ಜಾಗ ಹಮೀದಾಬೇಗಂ ಮಡಿಲಿನ ಗಂಟಿಟ್ಟು ಕಾಯ್ದದ್ದು ಹಾಗೇ ಖಾಲಿ ಉಳಿಯಿತು. ಜೈತುನ್ಬೀ ಕೂತದ್ದು ಮಜೀದಸಾಬ ಇಷ್ಟು ವರ್ಷ ಕೂತ ಕಟ್ಟಿಗೆಯ ಪುಟ್ಟ ಹಲಗೆಯ ಮೇಲೆ. ಕಾವು ಮುಖಕ್ಕೆ ಹೊಡೆಯುತ್ತಿತ್ತು. ಕಲ್ಲಿದ್ದಲ ಪುಡಿ ರೇಷ್ಮೆ ಸೀರೆಯ ಮೇಲೆ ಕೂರುತ್ತಿತ್ತು. ಬಂದೇನವಾಜ್ ಕಲ್ಲಿದ್ದಲು ಎತ್ತಿ ಹಾಕುವುದು ನೋಡಿ ಮಜೀದಸಾಬ "ಬೆಂಕಿಗಿ ತುತ್ತು ಸಣ್ಣದು ಹಾಕಪಾ" ಅನ್ನುತ್ತಿದ್ದ. ಮನೆಯಲ್ಲಿ ಕೊಡ ಎತ್ತಿ ಕೊಡದ ಮನುಷ್ಯ ಇಲ್ಲಿ ಎಳೆಯುತ್ತಿದ್ದ, ತಿರುವುತ್ತಿದ್ದ, ಒರೆಸುತ್ತಿದ್ದ, ಒಂದು ಗಳಿಗೆ ಸುಮ್ಮನೆ ನಿಲ್ಲಲಿಲ್ಲ. ಜೈತುನ್ಬೀಗೆ ಭಾಳ ಖುಷಿಯಾಯಿತು. ತೊಗರಿ ಕೊಯ್ದ ಕರಿಯ ಹೊಲಗಳು, ಕಲ್ಲಿನ ರಾಶಿಗಳು, ಓಡಿ ಬಂದು ಕೈ ಬೀಸುವ ಮಕ್ಕಳು ಎಲ್ಲ ಎರಡೂ ಬದಿಗೆ ಹಿಂದಕ್ಕೆ ಸರಿಯುತ್ತಿದ್ದವು. ಅವಳೂ ಹಿಟ್ಟಿನ ಕೈ ಎತ್ತಿ ಬೀಸಿದಳು.

ಕಲ್ಲುಗಣಿಯ ಕೊನೆಯಲ್ಲಿ ಇಂಜಿನ್ ಬಿಚ್ಚಿ, ಇನ್ನೊಂದು ತುದಿಗೆ ಕಟ್ಟಿದರು. ಮಂದಿ ಕಲ್ಲು ತುಂಬುವ ಕಟ್ಟೆಯ ಮೇಲೆ ಇಳಿದು ಸೋಡಾ ಕುಡಿದು ಮತ್ತೆ ಹತ್ತಿದರು. ವಾಪಸ್ಸು ಬರುವಾಗ ಗಾಡಿ ಮೆತ್ತಗೆ ಬರುತ್ತಿತ್ತು. ಇದು ಮುಗಿದರೆ ಮುಗಿಯಿತು ಎಂದು ಮಜೀದಸಾಬನಿಗೂ ಗೊತ್ತಿತ್ತು, ಅವಸರ ಮಾಡಲಿಲ್ಲ.

"ಸೀಟಿ ಕೇಳಿ ರೊಟ್ಟಿಗಿ ಕುಂತೆ ನೋಡು" ಅಂದ ನಗುತ್ತ.

"ಇಷ್ಟು ವರ್ಷ ನೀವು ಕಲಿಸಿದ್ದೇ ಅದಲ್ಲ" ಅಂದಳು. ನಗುತ್ತಲೇ ಅಂದರೂ ಹಳೆಯ ಚುಚ್ಚು ಹೊರಗೆ ಬಂತು. "ನಿಮಗ ರೊಟ್ಟಿ ಆದ್ರ ಸಾಕು. ಬಡಿಯಾಕಿ ಯಾರಿದ್ರೇನು."

ಮಜೀದಸಾಬ ಮುಂದಿನ ಹಳಿ ನೋಡುತ್ತಿದ್ದ. "ನೀ ಸಿಟ್ಟಾಗಿ ಕಾಳಗಿಗಿ ಹೋಗಿದ್ದೆಲ್ಲ, ಆ ವಾರ ದಿನಾ ಹೊಡದೀನಿ ಸೀಟಿ."

"ಯಾರಿಗಿ? ಮನಿಗಿ ಕೀಲಿ ಇತ್ತಲ್ಲ."

"ಕೀಲಿ ನಾನೇ ಹಾಕಿದ್ದೆ."

"ಮತ್ತ?"

"ಕೈ ಕೇಳಬೇಕಲ್ಲ" ಅಂದ ಮಜೀದಸಾಬ. "ಫೈರ್‌ಮನ್ ನಗತಿದ್ದ. ನನಗ ನಗಿ ಬರಲಿಲ್ಲ. ಮಾಳಗಿ ಮ್ಯಾಲೆ ಬರೇ ಆಕಾಶ."

"ಊಟಕ್ಕ ಏನ್ ಮಾಡಿದ್ರಿ?"

"ರೊಟ್ಟಿಗಿ ಏನು ಬರ? ಕ್ಯಾಂಟೀನಿನಾಗ ಬೇಕಾದಷ್ಟು."

ಕ್ಯಾಂಟೀನು ಇಂಜಿನ್ ಶೆಡ್ಡಿನ ಎದುರಿಗೇ ಇತ್ತು, ಅವಳು ಮದುವೆಯಾಗಿ ಬರುವ ಮೊದಲಿನಿಂದಲೂ ಇತ್ತು. ಅಲ್ಲಿ ಬಿಸಿ ರೊಟ್ಟಿ ಸಿಗುತ್ತದೆ ಎಂಬುದು ಅವಳಿಗೂ ಗೊತ್ತಿದ್ದ ಸಂಗತಿಯೇ. ಗೊತ್ತಿದ್ದೂ ಒಂದು ದಿನ ಆ ಕಡೆಯಿಂದ ಯೋಚಿಸಿರಲಿಲ್ಲ.

ದೂರದಲ್ಲಿ ಕ್ವಾರ್ಟರ್ಸಿನ ಬೇವಿನ ಮರ ಕಂಡಿತು. ಮಜೀದಸಾಬನ ಕೈ ತಾನಾಗಿ ಸೀಟಿಯ ಹಗ್ಗಕ್ಕೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. "ನೀನೇ ಹೊಡಿ" ಅಂದ.

"ನನಗ ಬರ್ತದೇನು?"

"ದಿನಾ ಕೇಳೀಯಲ್ಲ."

ಅವಳು ಎದ್ದು ಹಗ್ಗ ಹಿಡಿದು ಎಳೆದಳು. ಎರಡು ಮೊಟಕು ಸರಿಯಾಗಿ ಬಂದವು. ಉದ್ದದ್ದು ಭಾಳ ಉದ್ದವಾಯಿತು, ಕೊಂಕು ಬರಲೇ ಇಲ್ಲ. ಡಬ್ಬಿಗಳಲ್ಲಿ ಮಕ್ಕಳು ಕೇಕೆ ಹಾಕಿದವು. ಜೈತುನ್ಬೀ ಹಗ್ಗ ಬಿಟ್ಟು, ಸರಳು ಹಿಡಿದು ಹೊರಗೆ ಬಾಗಿ ನೋಡಿದಳು. ಬೇವಿನ ಮರ ದಾಟಿತು. ಮಾಳಿಗೆಗಳು ಒಂದೊಂದಾಗಿ ಕಾಣಿಸಿದವು. ತನ್ನ ಮಾಳಿಗೆ ಕಂಡಿತು.

ಹೊಗೆ ಇರಲಿಲ್ಲ.

ಇರುವುದಾದರೂ ಯಾಕೆ? ನಾದಿದ ಹಿಟ್ಟು ಮುಗಿದಿರುತ್ತದೆ, ಸುಮಿತ್ರಾಬಾಯಿ ಒಲೆ ಆರಿಸಿ, ಸ್ನಾನ ಮಾಡಿ, ಬಿಟ್ಟು ಬಂದ ಪೂಜೆಗೆ ಕೂತಿರುತ್ತಾಳೆ. ಇಷ್ಟೆಲ್ಲ ಗೊತ್ತಿದ್ದರೂ ಜೈತುನ್ಬೀಯ ಎದೆ ಧಸಕ್ಕೆಂದಿತು. ಅದು ತನ್ನದೇ ಮನೆ, ತಾನು ಇಲ್ಲಿದ್ದೇನೆ, ಒಳಗೆ ಯಾರೂ ಇಲ್ಲ. ಆದರೂ ಯಾರೋ ಇರಬೇಕು, ಕೇಳಿಸಿಕೊಂಡೆ ಅನ್ನಬೇಕು ಅನ್ನಿಸಿತು. ಅನ್ನಿಸಿದ್ದು ಹಸಿವಿನಿಂದಲ್ಲ. ಬೀಗ ಹಾಕಿದ ಮನೆಯ ಕಡೆ ಒಂದು ವಾರ ಸೀಟಿ ಹೊಡೆದವನು ಪಕ್ಕದಲ್ಲೇ ನಿಂತಿದ್ದ. ಅವನ ಮುಖ ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ಕಣ್ಣು ತೇವವಾಯಿತು, ಕಲ್ಲಿದ್ದಲ ಪುಡಿ ಎಂದು ಒರೆಸಿಕೊಂಡಳು.

ಗಾಡಿ ಇನ್ನೊಂದಿಷ್ಟು ಹತ್ತಿರ ಬಂತು. ಆಗ ಮಾಳಿಗೆಯ ಮೇಲೆ ಸಣ್ಣದೊಂದು ನೀಲಿ ಎಳೆ ಎದ್ದಿತು. ಒಲೆ ಹೊತ್ತಿಸುವ ರೂಢಿ ತಪ್ಪಿದ ಕೈಯದು ಅಂತ ನೋಡಿದರೇ ಗೊತ್ತಾಗುತ್ತಿತ್ತು, ಮೊದಲು ತಡವರಿಸಿತು, ಆಮೇಲೆ ಒಮ್ಮೆಲೇ ಭರ್ರೆಂದು ಎದ್ದಿತು. ಹಿತ್ತಲ ಬಾಗಿಲಲ್ಲಿ ಸುಮಿತ್ರಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಕೆಮ್ಮುತ್ತ, ಒಂದು ಕೈಯಲ್ಲಿ ಊದುಗೊಳವೆ ಹಿಡಿದು ನಿಂತಿದ್ದಳು. ಗಾರ್ಡಿನ ಹೆಂಡತಿಗೆ ಯಾವ ಸೀಟಿಗೆ ಏನು ಉತ್ತರ ಅನ್ನುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಬಿತ್ತು" ಅಂದಳು ಜೈತುನ್ಬೀ.

ಮಜೀದಸಾಬ ಗಾಡಿಯ ಓಟ ಇಳಿಸಿದ. ಅವಳ ಕಡೆ ತಿರುಗಿ ನೋಡಿ ಕೇಳಿದ, "ಹಸಿವಾಗ್ಯಾದೇನು?"

"ಇಲ್ಲರಿ" ಅಂದಳು ಅವಳು. "ಮನ್ಯಾಗ ಯಾರರೆ ಅದಾರೋ ಇಲ್ಲೋ ಅಂತ ಸುಮ್ನ ನೋಡಿದೆ."

"ಹ್ಞಾ. ನಂದೂ ಅಷ್ಟೇ ಇತ್ತು" ಅಂದ ಮಜೀದಸಾಬ.